ಹಿಟ್ಟಿನ ಕೈಗೆ ಒದಗುವ ಫೋನು: ಕೈಸನ್ನೆ ಸೌಲಭ್ಯದ ವಿಮರ್ಶೆ

ಪರದೆಯನ್ನು ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸಿಯೇ ಫೋನನ್ನು ನಡೆಸುವ ಸೌಲಭ್ಯ ಈಗ ಇಪ್ಪತ್ತು ಸಾವಿರ ರೂಪಾಯಿ ಆಸುಪಾಸಿನ ಫೋನುಗಳಲ್ಲಿಯೂ ಸಿಗುತ್ತಿದೆ. 2024ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ರಿಯಲ್‌ಮಿ ನಾರ್ಜೊ 70 ಪ್ರೊ ಫೋನಿನ ಪ್ರಚಾರದಲ್ಲಿ ಕ್ಯಾಮೆರಾದ ಜೊತೆಜೊತೆಗೇ ಈ ಸೌಲಭ್ಯಕ್ಕೂ ದೊಡ್ಡ ಜಾಗ ಸಿಕ್ಕಿತ್ತು. ನಮ್ಮ ಮನೆಗೆ ಬಂದದ್ದು ಬೇರೊಂದು ಕಂಪನಿಯ, ಹೆಚ್ಚುಕಡಿಮೆ ಅದೇ ದರ್ಜೆಯ ಫೋನು. ಅದರಲ್ಲಿರುವ ಕೈಸನ್ನೆಗಳನ್ನು ಈ ಮಳೆಗಾಲದುದ್ದಕ್ಕೂ ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ, ಮೆಟ್ರೊದಲ್ಲಿ, ದರ್ಶಿನಿಯ ಎತ್ತರದ ಮೇಜುಗಳ ಮೇಲೆ, ಸ್ಕೂಟರಿಗೆ ಸಿಕ್ಕಿಸಿದ ಹೋಲ್ಡರಿನಲ್ಲಿ ಬಳಸಿ ನೋಡಿದ್ದೇನೆ. ಇದು ಆ ಫೋನಿನ ವಿಮರ್ಶೆಯಲ್ಲ, ಆ ಒಂದು ಸೌಲಭ್ಯದ ವಿಮರ್ಶೆ. ಮುಂದೆ ಹೇಳುವ ಕೊರತೆಗಳಲ್ಲಿ ಹೆಚ್ಚಿನವು ಒಂದು ಕಂಪನಿಯ ತಪ್ಪಿನಿಂದಲ್ಲ, ಕೆಲಸ ನಡೆಯುವ ವಿಧಾನದಿಂದಲೇ ಹುಟ್ಟಿದವು ಎಂದು ನನಗನ್ನಿಸಿರುವುದರಿಂದ ಕಂಪನಿಯ ಹೆಸರನ್ನು ಬಿಟ್ಟಿದ್ದೇನೆ.

ಫೋನಿನಲ್ಲಿರುವ ಸನ್ನೆಗಳು ಬೆರಳೆಣಿಕೆಯಷ್ಟು. ಅಂಗೈಯನ್ನು ಪರದೆಯ ಮುಂದೆ ಹಿಡಿದರೆ ಬರುತ್ತಿರುವ ಕರೆಯನ್ನು ಸ್ವೀಕರಿಸಬಹುದು. ಕೈಯನ್ನು ಮೇಲಕ್ಕೋ ಕೆಳಕ್ಕೋ ಬೀಸಿದರೆ ಪುಟ ಸರಿಯುತ್ತದೆ. ಅಂಗೈಯನ್ನು ಪರದೆಯತ್ತ ತಳ್ಳಿದಂತೆ ಮಾಡಿದರೆ ವಿಡಿಯೊ ನಿಲ್ಲುತ್ತದೆ, ಮತ್ತೆ ತಳ್ಳಿದರೆ ಮುಂದುವರಿಯುತ್ತದೆ. ಬಿಚ್ಚಿದ ಕೈಯನ್ನು ಮುಷ್ಟಿ ಮಾಡಿದರೆ ಸ್ಕ್ರೀನ್‌ಶಾಟ್ ಸೇವ್ ಆಗುತ್ತದೆ. ಇಷ್ಟಕ್ಕೂ ಕೈ ಪರದೆಯಿಂದ ಸುಮಾರು 20ರಿಂದ 40 ಸೆಂಟಿಮೀಟರ್ ದೂರದಲ್ಲಿರಬೇಕು, ಮುಂಬದಿಯ ಕ್ಯಾಮೆರಾಕ್ಕೆ ಪೂರ್ತಿ ಕಾಣಬೇಕು. ಸನ್ನೆ ಮಾಡುವ ಮೊದಲು ಅಂಗೈಯನ್ನು ಒಂದು ಕ್ಷಣ ಅಲುಗಾಡಿಸದೆ ಹಿಡಿದು, ಪರದೆಯ ಮೇಲೆ ಪುಟ್ಟ ಕೈಯ ಚಿಹ್ನೆ ಮೂಡುವವರೆಗೆ ಕಾಯಬೇಕು.

ಈ ಕಾಯುವಿಕೆಯೇ ಮೊದಲ ದಿನ ಎಲ್ಲರನ್ನೂ ರೇಗಿಸುತ್ತದೆ. ಆದರೆ ಅದು ಏಕೆ ಬೇಕು ಎಂಬುದು ತಿಳಿದ ಮೇಲೆ ಇಡೀ ಸೌಲಭ್ಯದ ಮಿತಿ ಅರ್ಥವಾಗುತ್ತದೆ. ಬೆರಳು ಗಾಜನ್ನು ತಾಗಿದಾಗ ಫೋನಿಗೆ ಮೂರು ಸಂಗತಿಗಳು ಸಂದೇಹವಿಲ್ಲದೆ ತಿಳಿಯುತ್ತವೆ: ಕ್ರಿಯೆ ಎಲ್ಲಿ ಆರಂಭವಾಯಿತು, ಯಾವಾಗ ಆರಂಭವಾಯಿತು, ಯಾವಾಗ ಮುಗಿಯಿತು. ಗಾಳಿಯಲ್ಲಿ ಆಡುವ ಕೈಗೆ ಈ ಮೂರೂ ಇಲ್ಲ. ತಲೆ ಕೆರೆದುಕೊಳ್ಳಲು ಎತ್ತಿದ ಕೈ, ಒಗ್ಗರಣೆಗೆ ಸಾಸಿವೆ ಡಬ್ಬಿ ತೆಗೆಯಲು ಚಾಚಿದ ಕೈ, ಪುಟ ಸರಿಸಲೆಂದೇ ಬೀಸಿದ ಕೈ ಇವೆಲ್ಲ ಕ್ಯಾಮೆರಾದ ಪಾಲಿಗೆ ಒಂದೇ ಬಗೆಯ ಚಲನೆಗಳು. ಹಾಗಾಗಿ, ಇನ್ನು ಮುಂದಿನದು ನಿನಗಾಗಿ ಮಾಡುತ್ತಿರುವ ಸನ್ನೆ ಎಂದು ಫೋನಿಗೆ ಮೊದಲೇ ತಿಳಿಸಲು ಯಾವುದಾದರೂ ಗುರುತು ಬೇಕಾಗುತ್ತದೆ, ಅಲುಗಾಡದೆ ಹಿಡಿದ ಅಂಗೈ ಆ ಗುರುತು. ಇದನ್ನು ಸಡಿಲ ಮಾಡಿದರೆ ಫೋನು ತಾನಾಗಿ ಕುಣಿಯುತ್ತದೆ, ಬಿಗಿ ಮಾಡಿದರೆ ಮನುಷ್ಯ ಕಾಯಬೇಕಾಗುತ್ತದೆ. ನಾನು ಬಳಸಿದ ಫೋನಿನಲ್ಲಿ ಎರಡನೆಯದನ್ನು ಆರಿಸಿಕೊಂಡಿದ್ದಾರೆ, ಅದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಆದರೂ ಮಾತಿಗೆ ತಕ್ಕಂತೆ ಕೈಯಾಡಿಸುವವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಮದುವೆಮನೆಯ ಸುದ್ದಿ ಹೇಳತೊಡಗಿದರೆ ವಿಡಿಯೊ ಒಮ್ಮೊಮ್ಮೆ ಅವರ ಮಾತಿಗೇ ನಿಲ್ಲುವುದುಂಟು. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ ಇರಬಹುದು, ಕಟ್ಟಿದ ಪಾಕ ಮಾತ್ರ ಕಾಯುವುದಿಲ್ಲ.

ಪುಟ ಸರಿಸುವ ಸನ್ನೆಯ ತೊಂದರೆ ಇದಕ್ಕಿಂತ ಹೆಚ್ಚಿನದು. ಕೈಯನ್ನು ಮೇಲಕ್ಕೆ ಬೀಸಿದ ಮೇಲೆ ಇನ್ನೊಮ್ಮೆ ಬೀಸಬೇಕಾದರೆ ಅದು ಮತ್ತೆ ಕೆಳಗೆ ಬರಲೇಬೇಕು. ಹೀಗೆ ಹಿಂದಿರುಗುವ ಕೈಯನ್ನು ಫೋನು ವಿರುದ್ಧ ದಿಕ್ಕಿನ ಸನ್ನೆಯೆಂದು ಓದಿದರೆ ಮುಂದೆ ಹೋದ ಪುಟ ಹಿಂದಕ್ಕೆ ಬರುತ್ತದೆ. ಪರದೆಯ ಮೇಲಾದರೆ ನಾವು ಬೆರಳೆತ್ತಿ ಹಿಂದೆ ತರುತ್ತೇವೆ, ಎತ್ತಿದ ಬೆರಳು ಲೆಕ್ಕಕ್ಕಿಲ್ಲ. ಗಾಳಿಯಲ್ಲಿ ಎತ್ತುವುದು ಎಂಬುದೇ ಇಲ್ಲ. ಕೈಯನ್ನು ಪಕ್ಕಕ್ಕೆ ಸರಿಸಿ, ಕ್ಯಾಮೆರಾದ ನೋಟದಿಂದ ಹೊರಗೊಯ್ದು, ಮತ್ತೆ ಕೆಳಗಿನಿಂದ ತಂದು ಬೀಸುವ ಅಭ್ಯಾಸ ಮಾಡಿಕೊಂಡರೆ ಈ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಹೀಗೆ ನಾಲ್ಕು ಪುಟ ಸರಿಸುವಷ್ಟರಲ್ಲಿ ಭುಜ ನೋಯತೊಡಗುತ್ತದೆ. ಮೊಣಕೈಗೆ ಆಸರೆಯಿಲ್ಲದೆ ಎತ್ತಿ ಹಿಡಿದ ಕೈ ಬೇಗ ದಣಿಯುತ್ತದೆ, ಅದನ್ನು ಯಾವ ಸಾಫ್ಟ್‌ವೇರ್ ಅಪ್‌ಡೇಟೂ ಸರಿಪಡಿಸಲಾರದು. ದೀರ್ಘ ಓದಿಗೆ ಈ ಸನ್ನೆ ಹೇಳಿಸಿದ್ದಲ್ಲ.

ಅಡುಗೆಮನೆಯಲ್ಲಿ ಇದು ಎಷ್ಟು ಉಪಯೋಗವಾಗುತ್ತದೆ ಎಂಬುದೇ ನನ್ನ ಮುಖ್ಯ ಕುತೂಹಲವಾಗಿತ್ತು. ಅಕ್ಕಿ ರೊಟ್ಟಿ ತಟ್ಟುವಾಗ ಎರಡೂ ಕೈ ಹಿಟ್ಟಾಗಿರುತ್ತವೆ, ಮೀನು ತೊಳೆಯುವಾಗಲೋ ಹಲಸಿನ ಹಣ್ಣು ಬಿಡಿಸುವಾಗಲೋ ಫೋನನ್ನು ಮುಟ್ಟುವ ಮಾತೇ ಇಲ್ಲ. ಇಂಥ ಹೊತ್ತಿನಲ್ಲಿ ವಿಡಿಯೊವನ್ನು ನಿಲ್ಲಿಸುವ, ಮುಂದುವರಿಸುವ ಸನ್ನೆ ಚೆನ್ನಾಗಿ ಕೆಲಸ ಮಾಡಿತು. ಹಿಟ್ಟು ಮೆತ್ತಿದ ಅಂಗೈಯನ್ನೂ ಫೋನು ಅಂಗೈಯೆಂದೇ ಗುರುತಿಸಿತು, ಬೆರಳುಗಳ ನಡುವೆ ಹಿಟ್ಟು ಗಟ್ಟಿಯಾಗಿ ಕೂತಾಗ ಮಾತ್ರ ತಡವರಿಸಿತು. ಸಂಜೆ ಕಿಟಕಿಯ ಕಡೆಗೆ ಬೆನ್ನು ಮಾಡಿ ನಿಂತಾಗ ಹಿಂದಿನ ಬೆಳಕಿಗೆ ಕೈ ಕಪ್ಪಗೆ ಕಂಡು ಸನ್ನೆಗಳು ಸೋತವು. ಟ್ಯೂಬ್‌ಲೈಟ್ ನಮ್ಮ ಮೇಲೆ ಬೀಳುವಂತೆ ಫೋನನ್ನು ತಿರುಗಿಸಿಟ್ಟಾಗ ಸರಿಹೋಯಿತು. ಕುಕ್ಕರಿನ ಹಬೆ ಕ್ಯಾಮೆರಾದ ಮೇಲೆ ಕೂತರೆ, ಒಗ್ಗರಣೆಯ ಎಣ್ಣೆ ಹನಿ ಹಾರಿದರೆ ಫೋನು ಕುರುಡಾಗುತ್ತದೆ, ಆಗ ಒರೆಸುವುದಕ್ಕೆ ಒಣಗಿದ ಕೈಯೇ ಬೇಕು.

ಇಲ್ಲಿಯೇ ನನಗೆ ಅತ್ಯಂತ ಬೇಸರ ತಂದ ಸಂಗತಿಯೂ ಇದೆ. ಪುಟ ಸರಿಸುವ ಸನ್ನೆ ಎಲ್ಲ ಆ್ಯಪ್‌ಗಳಲ್ಲಿ ನಡೆಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೊಂದು ಪಟ್ಟಿಯಿದೆ, ಆ ಪಟ್ಟಿಯಲ್ಲಿರುವುದು ಹೆಚ್ಚಾಗಿ ಕಿರುವಿಡಿಯೊಗಳ ಆ್ಯಪ್‌ಗಳು. ಬ್ರೌಸರಿನಲ್ಲಿ ತೆರೆದ ಅಡುಗೆಯ ಪುಟ, ಅಮ್ಮ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಹುಳಿಪುಡಿಯ ಅಳತೆ, ಪಿಡಿಎಫ್ ಆಗಿ ಇಟ್ಟುಕೊಂಡ ಹಬ್ಬದಡುಗೆಯ ಪಟ್ಟಿ ಇವುಗಳಲ್ಲಿ ಎಷ್ಟು ಬೀಸಿದರೂ ಏನೂ ಆಗುವುದಿಲ್ಲ. ಕೈ ಕೊಳೆಯಾದಾಗ ನಿಜವಾಗಿ ಓದಬೇಕಾದ್ದು ಇಂಥವುಗಳನ್ನೇ. ಊಟ ಮಾಡುತ್ತ ಎಡಗೈಯಲ್ಲಿ ರೀಲ್ಸ್ ಸರಿಸುವವರನ್ನು ಕಣ್ಣ ಮುಂದಿಟ್ಟುಕೊಂಡು ಈ ಸೌಲಭ್ಯವನ್ನು ರೂಪಿಸಿದಂತಿದೆ. ಜಾಹೀರಾತಿನಲ್ಲಿ ಮಾತ್ರ ಹಿಟ್ಟು ಕಲಸುವ ಕೈ ಬರುತ್ತದೆ. ಒಂದು ಕಿರುವಿಡಿಯೊದಿಂದ ಇನ್ನೊಂದಕ್ಕೆ ಹಾರಲು ದಿಕ್ಕೊಂದು ತಿಳಿದರೆ ಸಾಕು, ಓದುವ ಪುಟವನ್ನು ಬೇಕಾದ ಸಾಲಿಗೆ ತಂದು ನಿಲ್ಲಿಸಲು ಎಷ್ಟು ಸರಿಸಬೇಕೆಂಬ ಅಳತೆಯೂ ಬೇಕು, ಆ ಅಳತೆಯನ್ನು ಗಾಳಿಯಲ್ಲಿ ಹೇಳುವುದು ಕಷ್ಟ. ಕಾರಣ ಅರ್ಥವಾಗುತ್ತದೆ, ಆದರೂ ಒಂದು ಬೀಸಿಗೆ ಮುಕ್ಕಾಲು ಪರದೆಯಷ್ಟು ಸರಿದರೆ ಸಾಕು ಎಂಬ ಸರಳ ನಿಯಮದಿಂದ ಇದನ್ನು ಬಗೆಹರಿಸಬಹುದಿತ್ತು.

ಈ ಆಸೆಯೇನೂ ಹೊಸದಲ್ಲ. ಸ್ಯಾಮ್‌ಸಂಗ್ 2013ರಲ್ಲಿ ಹೊರತಂದ ಗ್ಯಾಲಕ್ಸಿ ಎಸ್4 ಫೋನಿನಲ್ಲಿ ಇನ್ಫ್ರಾರೆಡ್ ಸೆನ್ಸರೊಂದನ್ನಿಟ್ಟು, ಕೈ ಬೀಸಿ ಪುಟ ಸರಿಸುವ, ಹಾಡು ಬದಲಿಸುವ, ಕರೆ ಸ್ವೀಕರಿಸುವ ಏರ್ ಗೆಸ್ಚರ್ ಕೊಟ್ಟಿತ್ತು. ಕೆಲವೇ ವರ್ಷಗಳಲ್ಲಿ ಅದು ಆ ಸಾಲಿನ ಫೋನುಗಳಿಂದ ಮರೆಯಾಯಿತು. ಎಲ್‌ಜಿ 2019ರ ಜಿ8 ಥಿನ್‌ಕ್ಯೂ ಫೋನಿನಲ್ಲಿ ಆಳವನ್ನು ಅಳೆಯುವ ಕ್ಯಾಮೆರಾವನ್ನೇ ಮುಂಬದಿಗೆ ಕೂರಿಸಿ, ಅಂಗೈಯ ರಕ್ತನಾಳಗಳ ವಿನ್ಯಾಸವನ್ನು ಓದಿ ಲಾಕ್ ತೆಗೆಯುವಂತೆ, ಬೆರಳುಗಳಿಂದ ಗುಂಡಿಯನ್ನು ತಿರುವಿದಂತೆ ಮಾಡಿ ಧ್ವನಿ ಏರಿಳಿಸುವಂತೆ ಮಾಡಿತ್ತು. ಎರಡು ವರ್ಷಗಳ ನಂತರ ಆ ಕಂಪನಿ ಫೋನಿನ ವ್ಯವಹಾರವನ್ನೇ ಬಿಟ್ಟಿತು. ಈ ಮೂರರಲ್ಲಿ ತಾಂತ್ರಿಕವಾಗಿ ಹೆಚ್ಚು ಸೊಗಸಾದದ್ದು ಗೂಗಲ್ 2019ರ ಅಕ್ಟೋಬರ್‌ನಲ್ಲಿ ತಂದ ಪಿಕ್ಸೆಲ್ 4. ಅದರ ತಲೆಭಾಗದಲ್ಲಿ ಸೋಲಿ ಎಂಬ ಪುಟ್ಟ ರೇಡಾರ್ ಇತ್ತು. ಅದಕ್ಕೆ ಬೆಳಕಿನ ಹಂಗಿಲ್ಲ, ಕತ್ತಲಲ್ಲಿಯೂ ಕೈಯ ಚಲನೆ ತಿಳಿಯುತ್ತದೆ. ಆದರೆ ಅದು ಕೆಲಸ ಮಾಡುವ 60 ಗಿಗಾಹರ್ಟ್ಸ್ ತರಂಗಗಳ ಬಳಕೆಗೆ ನಮ್ಮ ದೇಶದಲ್ಲಿ ಆಗ ಅನುಮತಿ ಇಲ್ಲದ ಕಾರಣ ಪಿಕ್ಸೆಲ್ 4 ಭಾರತದ ಅಂಗಡಿಗಳಿಗೆ ಬರಲೇ ಇಲ್ಲ, ಮರುವರ್ಷದ ಪಿಕ್ಸೆಲ್ 5ರಲ್ಲಿ ರೇಡಾರೂ ಉಳಿಯಲಿಲ್ಲ.

ಈಗ ನಮ್ಮ ಕೈಗೆ ಬಂದಿರುವ ಬಗೆಯಲ್ಲಿ ವಿಶೇಷ ಸೆನ್ಸರ್ ಯಾವುದೂ ಇಲ್ಲ. ಸೆಲ್ಫಿ ಕ್ಯಾಮೆರಾವೇ ಕಣ್ಣು, ಮಿಕ್ಕದ್ದು ಸಾಫ್ಟ್‌ವೇರ್. ಬೆಲೆ ಇಳಿದದ್ದು ಇದರಿಂದಲೇ. ಗೂಗಲ್ 2019ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ಮೀಡಿಯಾಪೈಪ್ ಎಂಬ ಸಾಫ್ಟ್‌ವೇರ್ ಕೆಲಸ ಮಾಡುವ ಕ್ರಮವನ್ನು ನೋಡಿದರೆ ಈ ಬಗೆಯ ಗುರುತಿಸುವಿಕೆ ಹೇಗೆ ನಡೆಯುತ್ತದೆಂಬುದರ ಅಂದಾಜು ಸಿಗುತ್ತದೆ. ಅದು ಮೊದಲು ಚಿತ್ರದಲ್ಲಿ ಅಂಗೈಯನ್ನು ಹುಡುಕುತ್ತದೆ. ಬೆರಳುಗಳು ಮಡಚಿ ಬಿಚ್ಚಿ ಆಕಾರ ಬದಲಿಸುತ್ತವೆ, ಅಂಗೈ ಬದಲಿಸುವುದಿಲ್ಲವಾದ್ದರಿಂದ ಅದನ್ನು ಹುಡುಕುವುದು ಸುಲಭ. ಅಂಗೈ ಸಿಕ್ಕ ಮೇಲೆ ಮಣಿಕಟ್ಟಿನಿಂದ ಬೆರಳ ತುದಿಗಳವರೆಗೆ 21 ಬಿಂದುಗಳನ್ನು ಗುರುತಿಸಿ, ಅವು ಎತ್ತ ಸರಿಯುತ್ತಿವೆ ಎಂದು ಒಂದೊಂದೇ ಚಿತ್ರದಲ್ಲಿ ಹಿಂಬಾಲಿಸುತ್ತದೆ. ನಮ್ಮ ಫೋನಿನಲ್ಲಿ ಅಂಗೈ ಪೂರ್ತಿ ಕಾಣದೆ ಬರೀ ಬೆರಳುಗಳು ಕಂಡಾಗ ಸನ್ನೆ ತಪ್ಪುವುದಕ್ಕೂ, ಬೆಳಕು ಸಾಲದಾಗ ಎಲ್ಲವೂ ತಪ್ಪುವುದಕ್ಕೂ ಕಾರಣ ಇಂಥ ವಿಧಾನದಲ್ಲಿಯೇ ಇದೆ. ಕರೆಂಟ್ ಹೋದ ಸಂಜೆ ಈ ಸೌಲಭ್ಯವೂ ಕರೆಂಟಿನೊಂದಿಗೇ ಹೋಗುತ್ತದೆ.

ಮನೆಯ ಹೊರಗೆ ಇದರ ಉಪಯೋಗ ಬಹಳ ಕಡಿಮೆ. ನೇರಳೆ ಮಾರ್ಗದ ಮೆಟ್ರೊದಲ್ಲಿ ಬೆಳಗಿನ ಹೊತ್ತು ಒಂದು ಕೈ ಮೇಲಿನ ಹಿಡಿಯಲ್ಲಿರುತ್ತದೆ, ಇನ್ನೊಂದು ಫೋನಿನಲ್ಲಿರುತ್ತದೆ. ಬೀಸುವುದಕ್ಕೆ ಮೂರನೆಯ ಕೈ ಇಲ್ಲ, ಇದ್ದರೂ ಬೀಸಲು ಜಾಗವಿಲ್ಲ. ಫೋನನ್ನು ಕೈಯಲ್ಲಿ ಹಿಡಿದಿದ್ದೇವೆಂದರೆ ಹೆಬ್ಬೆರಳು ಪರದೆಯ ಮೇಲೆಯೇ ಇರುತ್ತದೆ, ಅಲ್ಲಿ ಸನ್ನೆಯ ಅಗತ್ಯವೇ ಹುಟ್ಟುವುದಿಲ್ಲ. ಫೋನು ಎಲ್ಲಾದರೂ ಒರಗಿ ನಿಂತಿರಬೇಕು, ನಾವು ಅದರೆದುರು ಇರಬೇಕು, ಕೈ ಕೊಳೆಯಾಗಿರಬೇಕು ಅಥವಾ ಒದ್ದೆಯಾಗಿರಬೇಕು. ಈ ಮೂರೂ ಕೂಡಿಬಂದಾಗ ಮಾತ್ರ ಇದಕ್ಕೆ ಬೆಲೆ. ದರ್ಶಿನಿಯಲ್ಲಿ ಕೂಡಿಬರುತ್ತವೆ: ನೀರಿನ ಲೋಟಕ್ಕೆ ಫೋನನ್ನು ಒರಗಿಸಿ, ಚಟ್ನಿಯ ಕೈಯಿಂದಲೇ ಸುದ್ದಿಯ ವಿಡಿಯೊವನ್ನು ನಿಲ್ಲಿಸಿ, ಎದುರಿನವರ ಮಾತಿಗೆ ಉತ್ತರಿಸಿ, ಮತ್ತೆ ಮುಂದುವರಿಸಬಹುದು. ಆದರೆ ಅಲ್ಲಿ ಪಕ್ಕದಲ್ಲಿ ಕಾಫಿ ಹಿಡಿದು ಹಾಯುವವರ ಕೈಗಳೂ ಕ್ಯಾಮೆರಾಕ್ಕೆ ಕಾಣುತ್ತವೆ ಎಂಬುದನ್ನು ಮರೆಯಬಾರದು.

ಸ್ಕೂಟರಿನ ವಿಚಾರವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಮಳೆಯಲ್ಲಿ ಪರದೆಯ ಮೇಲೆ ಬಿದ್ದ ಹನಿಗಳು ಬೆರಳಿನಂತೆಯೇ ವಿದ್ಯುತ್ ಕ್ಷೇತ್ರವನ್ನು ಕದಡುವುದರಿಂದ ಟಚ್ ಅಡ್ಡಾದಿಡ್ಡಿ ಕೆಲಸ ಮಾಡುತ್ತದೆ, ಸನ್ನೆಯಾದರೆ ಆ ಕಾಟವಿಲ್ಲ ಎಂಬುದು ಕೇಳಲು ಚೆನ್ನಾಗಿದೆ. ನಾನು ಗಾಡಿ ನಿಲ್ಲಿಸಿಕೊಂಡು ಪರೀಕ್ಷಿಸಿದಾಗ ಕಂಡದ್ದು ಬೇರೆ: ಹೋಲ್ಡರಿನ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಮಂಜು ಕಟ್ಟಿ ಕ್ಯಾಮೆರಾಕ್ಕೆ ಏನೂ ಕಾಣಲಿಲ್ಲ, ಹೊದಿಕೆ ತೆಗೆದರೆ ದಪ್ಪ ಗ್ಲೌಸ್ ಹಾಕಿದ ಕೈಯನ್ನು ಕೈಯೆಂದು ಅದು ಒಪ್ಪಲಿಲ್ಲ. ಒಪ್ಪಿದ್ದರೂ ಪ್ರಯೋಜನವಿರಲಿಲ್ಲ. ಚಲಿಸುವಾಗ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಫೋನು ಹೋಲ್ಡರಿನಲ್ಲಿದ್ದ ಮಾತ್ರಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹ್ಯಾಂಡಲ್ ಬಿಟ್ಟು ಅಂಗೈ ಎತ್ತಿ ಹಿಡಿದು ಚಿಹ್ನೆ ಮೂಡುವವರೆಗೆ ಕಾಯುವುದು ಸುರಕ್ಷಿತವಾಗುವುದಿಲ್ಲ. ಡೆಲಿವರಿ ಕೆಲಸದ ಹುಡುಗರಿಗೆ ಇದನ್ನು ಹೇಳಿ ಯಾರಾದರೂ ಫೋನು ಮಾರುತ್ತಿದ್ದರೆ ಅದು ಅನ್ಯಾಯ.

ಮೆಚ್ಚಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು ಕರೆ ಸ್ವೀಕರಿಸುವುದು. ಕರೆ ಬಂದಾಗ ಫೋನು ತಾನೇ ಎಚ್ಚೆತ್ತಿರುತ್ತದೆ, ಆ ಕೆಲವು ಸೆಕೆಂಡುಗಳಲ್ಲಿ ಅಂಗೈ ತೋರಿಸಿದರೆ ಅದಕ್ಕೆ ಇರುವ ಅರ್ಥ ಒಂದೇ. ಸಂದರ್ಭವೇ ಸಂದೇಹವನ್ನು ಕಳೆದುಬಿಡುವುದರಿಂದ ಇದು ತಪ್ಪುವುದು ಅಪರೂಪ. ಕರೆ ನೇರವಾಗಿ ಸ್ಪೀಕರಿಗೆ ಹೋಗುವುದರಿಂದ ಹಿಟ್ಟಿನ ಕೈಯಲ್ಲೇ ಗ್ಯಾಸ್ ಸಿಲಿಂಡರಿನವರಿಗೆ ಗೇಟು ತೆರೆದಿದೆಯೆಂದು ಹೇಳಿ ಮುಗಿಸಬಹುದು. ಎರಡನೆಯದು ಅಂಗೈ ತೋರಿಸಿ ಸೆಲ್ಫಿ ತೆಗೆಯುವುದು. ಸ್ಯಾಮ್‌ಸಂಗ್ ಫೋನುಗಳಲ್ಲಿ ವರ್ಷಗಳಿಂದ ಇರುವ ಈ ಸನ್ನೆಯನ್ನು ನಮ್ಮ ಬಂಧುಗಳಲ್ಲಿ ಹಿರಿಯರೂ ಕಲಿತಿದ್ದಾರೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಅಂಗೈ ಎತ್ತಿ ಫೋನಿಗೆ ಅಭಯ ನೀಡುತ್ತಿರುವಂತೆ ನಿಂತ ಕುಟುಂಬಗಳನ್ನು ನೋಡಿದವರಿಗೆ ಇದರ ಯಶಸ್ಸಿನ ಬಗ್ಗೆ ಬೇರೆ ಸಾಕ್ಷಿ ಬೇಕಿಲ್ಲ. ಈ ಎರಡೂ ಕಡೆ ಸನ್ನೆ ಹೇಳಬೇಕಾದ್ದು ಹೌದು ಎಂಬ ಒಂದೇ ಮಾತು, ಎಲ್ಲಿ ಎಷ್ಟು ಎಂಬುದನ್ನಲ್ಲ.

ಸನ್ನೆಗಳೆಲ್ಲವನ್ನೂ ಆನ್ ಮಾಡಿಟ್ಟ ದಿನಗಳಲ್ಲಿ ಬ್ಯಾಟರಿ ಬೇಗ ಇಳಿದದ್ದು ಗಮನಕ್ಕೆ ಬಂತು. ಕ್ಯಾಮೆರಾ ನೋಡುತ್ತಲೇ ಇರಬೇಕಾದ್ದರಿಂದ ಇದು ಅನಿರೀಕ್ಷಿತವೇನಲ್ಲ. ಇದಕ್ಕಿಂತ ಯೋಚಿಸಬೇಕಾದ್ದು, ಫೋನಿನಲ್ಲಿಯೇ ಸೌಲಭ್ಯ ಇಲ್ಲದವರು ಹಾಕಿಕೊಳ್ಳುವ ಪ್ರತ್ಯೇಕ ಆ್ಯಪ್‌ಗಳ ವಿಚಾರ. ಅಂಥ ಆ್ಯಪ್ ಬೇರೆ ಆ್ಯಪ್‌ಗಳ ಪುಟವನ್ನು ಸರಿಸಬೇಕಾದರೆ ಅದಕ್ಕೆ ಕ್ಯಾಮೆರಾದ ಜೊತೆಗೆ ಆಕ್ಸೆಸಿಬಿಲಿಟಿ ಅನುಮತಿಯನ್ನೂ ಕೊಡಬೇಕಾಗುತ್ತದೆ. ಈ ಅನುಮತಿ ಪಡೆದ ಆ್ಯಪ್ 2016ರ ಆಂಡ್ರಾಯ್ಡ್ 7ರಿಂದೀಚೆಗೆ ನಮ್ಮ ಪರವಾಗಿ ಪರದೆಯನ್ನು ಒತ್ತಬಲ್ಲದು, ಸರಿಸಬಲ್ಲದು, ಪರದೆಯ ಮೇಲಿರುವುದನ್ನು ಓದಲೂ ಬಲ್ಲದು. ಯುಪಿಐ ಆ್ಯಪ್ ಇರುವ ಫೋನಿನಲ್ಲಿ ಗುರುತುಪರಿಚಯವಿಲ್ಲದವರ ಆ್ಯಪ್‌ಗೆ ಇಷ್ಟು ಅಧಿಕಾರ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಆಂಡ್ರಾಯ್ಡ್ 12ರಿಂದ ಆ್ಯಪ್ ಒಂದು ಕ್ಯಾಮೆರಾ ಬಳಸುವಾಗ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಕಾಣುತ್ತದೆ. ಅದು ಎಚ್ಚರಿಕೆಗೆ ಸಾಕು, ರಕ್ಷಣೆಗೆ ಸಾಲದು.

ಕೈಯ ಸ್ವಾಧೀನ ಕಡಿಮೆ ಇರುವವರಿಗೆ ಇದು ವರದಾನವೆಂಬ ಮಾತನ್ನು ಅಲ್ಲಲ್ಲಿ ಕೇಳುತ್ತೇವೆ. ಕೈ ನಡುಗುವ ಹಿರಿಯರೊಬ್ಬರ ಮುಂದೆ ಈ ಫೋನನ್ನಿಟ್ಟು ನೋಡಿದ ಮೇಲೆ ಆ ಮಾತನ್ನು ನಾನು ಒಪ್ಪಲಾರೆ. ಅಂಗೈಯನ್ನು ಅಲುಗಾಡಿಸದೆ ಹಿಡಿಯಬೇಕೆಂಬ ಮೊದಲ ನಿಬಂಧನೆಯೇ ಅವರನ್ನು ಹೊರಗಿಡುತ್ತದೆ. ಅವರಿಗೆ ಬೇಕಾದದ್ದು ಬೇರೆ ಕಡೆ, ದುಡ್ಡು ಕೊಡದೆಯೇ ಸಿಗುತ್ತದೆ. ಆಂಡ್ರಾಯ್ಡ್ 12ರ ಜೊತೆ ಬಂದ ಕ್ಯಾಮೆರಾ ಸ್ವಿಚ್ ಸೌಲಭ್ಯದಲ್ಲಿ ಹುಬ್ಬೇರಿಸುವುದು, ನಗುವುದು, ಬಾಯಿ ತೆರೆಯುವುದು, ಎಡಕ್ಕೆ ಬಲಕ್ಕೆ ಮೇಲಕ್ಕೆ ನೋಡುವುದು ಇವುಗಳಿಗೆ ಒಂದೊಂದು ಕೆಲಸ ವಹಿಸಿ ಇಡೀ ಫೋನನ್ನು ನಡೆಸಬಹುದು. ಐಫೋನುಗಳಲ್ಲಿ 2024ರ ಐಒಎಸ್ 18ರಿಂದ ಕಣ್ಣಿನ ನೋಟದಿಂದಲೇ ಆಯ್ಕೆ ಮಾಡುವ ಏರ್ಪಾಡು ಬಂದಿದೆ. ಇವು ಪ್ರಚಾರದ ಪೋಸ್ಟರುಗಳಲ್ಲಿ ಕಾಣುವುದಿಲ್ಲ, ಸೆಟ್ಟಿಂಗ್ಸ್‌ನ ಒಳಗೆ ಹುಡುಕಿಕೊಳ್ಳಬೇಕು.

ಕೈಸನ್ನೆಗೆ ನಿಜವಾದ ಪ್ರತಿಸ್ಪರ್ಧಿ ಇನ್ನೊಂದು ಕಂಪನಿಯ ಫೋನಲ್ಲ, ಕಿರುಬೆರಳಿನ ಗೆಣ್ಣು. ಹಿಟ್ಟು ಕಲಸುವ ಕೈಯಲ್ಲಿಯೂ ಅದೊಂದು ಸಾಮಾನ್ಯವಾಗಿ ಒಣಗಿರುತ್ತದೆ, ಪರದೆಯನ್ನು ಅದರಿಂದ ಸರಿಸಿದರೆ ಯಾವ ಆ್ಯಪ್ ಆದರೂ ಸರಿಯುತ್ತದೆ. ಅದೂ ಆಗದವರಿಗೆ ಬೆರಳಿಗೆ ತೊಡುವ ಬ್ಲೂಟೂತ್ ರಿಮೋಟುಗಳು ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ, ಕತ್ತಲಲ್ಲೂ ಕೆಲಸ ಮಾಡುತ್ತವೆ. ನನ್ನ ಫೋನಿನಲ್ಲಿ ಈಗ ಕರೆ ಸ್ವೀಕರಿಸುವ ಮತ್ತು ವಿಡಿಯೊ ನಿಲ್ಲಿಸುವ ಸನ್ನೆಗಳನ್ನು ಮಾತ್ರ ಉಳಿಸಿ, ಪುಟ ಸರಿಸುವುದನ್ನೂ ಸ್ಕ್ರೀನ್‌ಶಾಟನ್ನೂ ಆಫ್ ಮಾಡಿಟ್ಟಿದ್ದೇನೆ. ಅದರಿಂದ ಬ್ಯಾಟರಿಯ ದೂರೂ ಕಡಿಮೆಯಾಗಿದೆ.

ಇದೇ ಸೌಲಭ್ಯಕ್ಕಾಗಿ ಫೋನು ಕೊಳ್ಳಬೇಕೆಂದಿರುವವರು ಅಂಗಡಿಯಲ್ಲಿ ಡೆಮೊ ನೋಡಿ ಮರುಳಾಗಬಾರದು, ಏಕೆಂದರೆ ಮೊಬೈಲ್ ಅಂಗಡಿಯಷ್ಟು ಪ್ರಖರವಾದ, ಎಲ್ಲ ಕಡೆಯಿಂದ ಸಮವಾಗಿ ಬೀಳುವ ಬೆಳಕು ಯಾರ ಮನೆಯಲ್ಲಿಯೂ ಇರುವುದಿಲ್ಲ. ಡೆಮೊ ಫೋನನ್ನು ಕೌಂಟರಿನ ಮೇಲೆ ಒರಗಿಸಿ, ಬಾಗಿಲಿಗೆ ಬೆನ್ನು ಮಾಡಿ ನಿಂತು, ಅಂಗಡಿಯವರು ತೆರೆದು ಕೊಟ್ಟ ಆ್ಯಪ್ ಬಿಟ್ಟು ನೀವು ಮನೆಯಲ್ಲಿ ದಿನವೂ ತೆರೆಯುವ ಪುಟವನ್ನು ತೆರೆದು, ಒಂದೇ ದಿಕ್ಕಿನಲ್ಲಿ ಸತತವಾಗಿ ಬೀಸಿ ನೋಡಿ. ಹಿಂದಕ್ಕೆ ಓಡದೆ ಮುಂದೆಯೇ ಸಾಗಿದರೆ ಆಮೇಲೆ ಬೆಲೆಯ ಮಾತಾಡಬಹುದು.